ಬಿಸಿಲ ನಾಡಿನ ಮೀನಿನ ತೊಟ್ಟಿಗೆ ಪಾಚಿ ಬಂದಾಗ

ಹೊಸ ತೊಟ್ಟಿಗೆ ನೀರು ತುಂಬಿಸಿ ಹತ್ತು ಹನ್ನೆರಡು ದಿನವಾಗಿರುತ್ತದೆ. ಗಾಜು, ಮರಳು, ಗಿಡದ ಎಲೆ, ಎಲ್ಲದರ ಮೇಲೂ ಕಂದು ಧೂಳು ಕೂತಂತೆ ಕಾಣತೊಡಗುತ್ತದೆ. ಬೆರಳಾಡಿಸಿದರೆ ಹೋಗುತ್ತದೆ, ಎರಡು ದಿನಕ್ಕೆ ಮತ್ತೆ ಬರುತ್ತದೆ. ಕಲಬುರಗಿಯಲ್ಲಿ ಮೊದಲ ಸಲ ಮೀನು ಸಾಕುವವರು ಅಂಗಡಿಗೆ ಓಡುವುದು ಈ ಹಂತದಲ್ಲೇ. ಮರಳುವಾಗ ಕೈಯಲ್ಲಿ ನೀಲಿ ಔಷಧಿಯ ಸಣ್ಣ ಬಾಟಲಿ, ಪ್ಲಾಸ್ಟಿಕ್ ಚೀಲದಲ್ಲಿ ಪಾಚಿ ತಿನ್ನುತ್ತದೆಂದು ಕೊಟ್ಟ ಎರಡಿಂಚಿನ ಸಕ್ಕರ್ ಮೀನು. ಎರಡೂ ಬೇಕಿರಲಿಲ್ಲ.

ಆ ಕಂದು ಧೂಳು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದರ ಕೋಶದ ಗೋಡೆ ಸಿಲಿಕಾದಿಂದ ಆದದ್ದು. ಹೊಸ ಮರಳಿನಿಂದಲೂ ಬೋರ್ ನೀರಿನಿಂದಲೂ ಕರಗಿದ ಸಿಲಿಕೇಟ್ ಸಿಗುತ್ತಿರುವಷ್ಟು ದಿನ, ಎದುರಾಳಿಯಾಗಿ ಬೇರೆ ಏನೂ ಬೆಳೆಯದಷ್ಟು ದಿನ ಅದು ಇರುತ್ತದೆ. ನಾಲ್ಕರಿಂದ ಎಂಟು ವಾರದಲ್ಲಿ ತಾನಾಗಿ ತಗ್ಗುತ್ತದೆ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಗಾಜು ಕೆರೆದು, ಎಲೆಗಳನ್ನು ಎರಡು ಬೆರಳ ನಡುವೆ ಮೆಲ್ಲಗೆ ಉಜ್ಜಿ, ಕೆಳಗೆ ಕೂತದ್ದನ್ನು ಪೈಪಿನಿಂದ ಎಳೆದು ಹಾಕಿದರೆ ಸಾಕು. ನೀಲಿ ಔಷಧಿ ಸಾಮಾನ್ಯವಾಗಿ ಮೆಥಿಲೀನ್ ಬ್ಲೂ. ಅದು ಮೀನಿನ ಮೊಟ್ಟೆಗೆ ಬೂಸ್ಟು ಬಾರದಂತೆ ನೋಡಿಕೊಳ್ಳಲು ಉಪಯೋಗ. ಹೊಸ ತೊಟ್ಟಿಗೆ ಹಾಕಿದರೆ ಆಗಷ್ಟೇ ಮನೆ ಮಾಡುತ್ತಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಬೀಳುತ್ತದೆ, ಮೂಲೆಯ ಸಿಲಿಕೋನ್ ಅಂಟು ಶಾಶ್ವತವಾಗಿ ನೀಲಿಯಾಗುತ್ತದೆ. ಡಯಾಟಮ್ ಅಲ್ಲೇ ಇರುತ್ತದೆ.

ಹೊಸ ತೊಟ್ಟಿಯೊಳಗೆ ಏನು ನಡೆಯುತ್ತಿದೆ ನೋಡಿ. ಮೀನಿನ ಹೇಸಿಗೆಯಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡಬೇಕು. ಈ ಎರಡೂ ಗುಂಪು ಫಿಲ್ಟರಿನ ಸ್ಪಂಜಿನಲ್ಲಿ ತುಂಬಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಗಿಡಗಳೂ ನರ್ಸರಿಯಿಂದ ಬಂದ ಎಲೆ ಉದುರಿಸಿ, ಹೊಸ ಬೇರು ಬಿಟ್ಟು, ಹೊಸ ಎಲೆ ತರಲು ಮೂರು ವಾರ ತೆಗೆದುಕೊಳ್ಳುತ್ತವೆ. ಎಲ್ಲವೂ ಎಳಸು. ಮೊದಲ ದಿನದಿಂದಲೇ ಪೂರ್ತಿ ಬಲದಲ್ಲಿರುವುದು ಬೆಳಕು ಒಂದೇ. ಆ ಬೆಳಕನ್ನು ಉಣ್ಣಲು ಗಿಡ ಇನ್ನೂ ತಯಾರಿಲ್ಲ, ಪಾಚಿ ಯಾವಾಗಲೂ ತಯಾರು. ಆದ್ದರಿಂದ ಮೊದಲ ಕೈ ಹಾಕಬೇಕಾದದ್ದು ದೀಪದ ಸ್ವಿಚ್ಚಿಗೆ. ಗೊಬ್ಬರ, ಔಷಧಿ, ಪಾಚಿ ತಿನ್ನುವ ಮೀನು, ಎಲ್ಲ ಆಮೇಲಿನ ಮಾತು.

ಮೊದಲ ನಾಲ್ಕು ವಾರ ದಿನಕ್ಕೆ 6 ಗಂಟೆ ಬೆಳಕು, ಅದಕ್ಕಿಂತ ಹೆಚ್ಚು ಬೇಡ. ನೆನಪಿನ ಮೇಲೆ ಬಿಟ್ಟರೆ ಆರು ಗಂಟೆ ಹತ್ತಾಗುತ್ತದೆ. ಮನೆಗೆ ನೆಂಟರು ಬಂದರೆ ಹನ್ನೆರಡು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಧಾರಣ ತಿರುಗುವ ಟೈಮರ್ ಸಾಕು, ಆದರೆ ಕರೆಂಟು ಹೋದಷ್ಟು ಹೊತ್ತು ಅದರ ಮುಳ್ಳು ನಿಲ್ಲುತ್ತದೆ ಎಂಬುದು ಗೊತ್ತಿರಲಿ. ವಾರಕ್ಕೊಮ್ಮೆ ಸಮಯ ಸರಿಪಡಿಸದಿದ್ದರೆ ಸಂಜೆಯ ದೀಪ ನಡುರಾತ್ರಿಗೆ ಜಾರಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್‌ಗೆ ಈ ತೊಂದರೆ ಇಲ್ಲ. ಎಲ್‌ಇಡಿಯ ಪ್ರಖರತೆ ತಗ್ಗಿಸುವ ಗುಂಡಿ ಇಲ್ಲದಿದ್ದರೆ ದೀಪವನ್ನು ನೀರಿನಿಂದ 15–20 ಸೆಂಟಿಮೀಟರ್ ಮೇಲಕ್ಕೆತ್ತಿ.

ದೀಪಕ್ಕಿಂತ ದೊಡ್ಡ ಸಮಸ್ಯೆ ಸೂರ್ಯ. ನಮ್ಮ ಕಡೆ ತೊಟ್ಟಿಯನ್ನು ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ಇಡುವುದು ರೂಢಿ. ವಾಸ್ತು ನೋಡುವವರು ಈಶಾನ್ಯ ಮೂಲೆ ಹುಡುಕುತ್ತಾರೆ, ಅಲ್ಲಿ ಪೂರ್ವದ ಕಿಟಕಿ ಇದ್ದರೆ ಬೆಳಗಿನ ಬಿಸಿಲು ನೇರ ಗಾಜಿಗೆ. ದಿನಕ್ಕೆ ಒಂದು ಗಂಟೆಯ ನೇರ ಬಿಸಿಲೂ ನೀರನ್ನು ಹಸಿರು ಮಾಡಬಲ್ಲದು. ದಕ್ಷಿಣದ ಕಿಟಕಿಯದು ಇನ್ನೂ ಮೋಸದ ಸಂಗತಿ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 10ರ ಆಸುಪಾಸಿನಿಂದ ಆಗಸ್ಟ್ ಮೊದಲ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ದಕ್ಷಿಣದ ಕಿಟಕಿಯಲ್ಲಿ ಬಿಸಿಲೇ ಇರುವುದಿಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ತೊಟ್ಟಿ ಇಟ್ಟವರು ನಿಶ್ಚಿಂತೆಯಾಗಿರುತ್ತಾರೆ. ಡಿಸೆಂಬರಿನಲ್ಲಿ ಅದೇ ಸೂರ್ಯ ಮಧ್ಯಾಹ್ನಕ್ಕೂ 49 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ, ಬಿಸಿಲು ಕೋಣೆಯೊಳಗೆ ಒಂದು ಮಾರು ದೂರ ಬರುತ್ತದೆ. ಆರು ತಿಂಗಳು ಸ್ವಚ್ಛವಾಗಿದ್ದ ತೊಟ್ಟಿ ಚಳಿಗಾಲದಲ್ಲಿ ಹಸಿರಾದರೆ ನೀರನ್ನೋ ಮೀನನ್ನೋ ದೂರುವ ಮೊದಲು ನೆಲದ ಮೇಲಿನ ಬಿಸಿಲ ಚೌಕ ಎಲ್ಲಿದೆ ಎಂದು ನೋಡಬೇಕು. ಹಳೆಯ ಮನೆಗಳ ಬೆಳಕಿಂಡಿಯ ಕೆಳಗೂ ಇದೇ ಕಥೆ. ಜಾಗ ಬದಲಿಸಲಾಗದಿದ್ದರೆ ಕಿಟಕಿಯತ್ತ ಇರುವ ಗಾಜಿಗೂ ಹಿಂದಿನ ಗಾಜಿಗೂ ಹೊರಗಿನಿಂದ ಕಪ್ಪು ಚಾರ್ಟ್ ಕಾಗದ ಅಂಟಿಸಿ.

ಇನ್ನು ನೀರು. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಗೆ ಲೆಕ್ಕದಲ್ಲಿ ಸುಮಾರು 57 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ಸುಮಾರು 45 ಲೀಟರ್ ನೀರು. ಇದಕ್ಕೆ ಮೊದಲ ತಿಂಗಳು ವಾರಕ್ಕೆ ಎರಡು ಸಲ 12 ಲೀಟರ್ ಬದಲಿಸಬೇಕು, ಆಮೇಲೆ ವಾರಕ್ಕೊಂದು ಸಲ. ಹೇಳುವುದು ಸುಲಭ. ಯಾವ ನೀರು ಎಂಬಲ್ಲಿ ನಮ್ಮ ಜಿಲ್ಲೆಯ ತೊಡಕು ಶುರುವಾಗುತ್ತದೆ.

ನಗರದ ನಳದ ನೀರು ಭೀಮಾ ಮತ್ತು ಬೆಣ್ಣೆತೊರಾದಿಂದ ಬರುತ್ತದೆ. ಅದರಲ್ಲಿ ಕ್ಲೋರಿನ್ ಇರುತ್ತದೆ, ನೆರಳಲ್ಲಿ ಬಕೆಟ್ಟಿನಲ್ಲಿ 24 ಗಂಟೆ ಗಾಳಿಕಲ್ಲು (ಏರ್ ಪಂಪಿನ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ಕಲ್ಲು) ಓಡಿಸಿದರೆ ಹಾರಿಹೋಗುತ್ತದೆ. ನಳ ದಿನವೂ ಬಾರದ ಓಣಿಗಳಲ್ಲಿ ನೀರು ಸಂಪಿನಲ್ಲೋ ಮೇಲಿನ ಕಪ್ಪು ಟ್ಯಾಂಕಿನಲ್ಲೋ ನಿಂತಿರುತ್ತದೆ. ಏಪ್ರಿಲ್ ಮಧ್ಯಾಹ್ನ ಆ ಟ್ಯಾಂಕಿನ ನೀರು ಕೈ ಸುಡುತ್ತದೆ, ಅದನ್ನು ನೇರವಾಗಿ ಸುರಿದರೆ ಮೀನು ಸಾಯುತ್ತವೆ. ನೀರು ಬದಲಿಸುವುದಿದ್ದರೆ ಬೆಳಗಿನ ಆರು ಗಂಟೆಯೊಳಗೆ.

ಬೋರ್ ನೀರಿನದು ಗಡಸುತನದ ಪ್ರಶ್ನೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದ ಕೆಳಗೆ ಸುಣ್ಣದ ಕಲ್ಲು. ಕೂಲರಿನ ಹುಲ್ಲಿನ ಪರದೆಗೆ ಬೇಸಿಗೆ ಮುಗಿಯುವಷ್ಟರಲ್ಲಿ ಬಿಳಿ ಚಿಪ್ಪು ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ, ತೊಟ್ಟಿಯ ಅಂಚಿನಲ್ಲಿ ಕಟ್ಟುವ ಬಿಳಿ ಗೆರೆಯೂ ಅದೇ. ಬೀದರಿನ ಮುರುಕಲ್ಲ ಪದರದ ಬಾವಿಗಳಲ್ಲಿ ಕತೆ ಬೇರೆ, ಅಲ್ಲಿನವರು ಅಳೆದೇ ನೋಡಬೇಕು. ಗಡಸು ನೀರಿನಿಂದಲೇ ಪಾಚಿ ಬರುವುದಿಲ್ಲ. ಆದರೆ ಅಂಥ ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) 8ರ ಹತ್ತಿರ ಇರುತ್ತದೆ, ಆಗ ಅಮೋನಿಯಾದ ವಿಷ ಏರುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ನೂರಕ್ಕೆ 7ನ್ನು ದಾಟುತ್ತದೆ. ಬೇರೆ ಊರಿನವರು ‘ಹೊಸ ತೊಟ್ಟಿಯಲ್ಲಿ ಸ್ವಲ್ಪ ಅಮೋನಿಯಾ ಇದ್ದರೂ ನಡೆಯುತ್ತದೆ’ ಎಂದದ್ದನ್ನು ಕಲಬುರಗಿಯಲ್ಲಿ ನಂಬಬಾರದು.

ಬೋರ್ ನೀರಿನ ಇನ್ನೊಂದು ಗುಟ್ಟು ನೈಟ್ರೇಟ್. ಹೊಲಗಳ ಗೊಬ್ಬರ, ಊರಿನ ಚರಂಡಿ ಎರಡೂ ಅಂತರ್ಜಲಕ್ಕೆ ಇಳಿಯುತ್ತವೆ. ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಿಮ್ಮ ಬೋರಿನಲ್ಲಿ 40 ಇದೆ ಎಂದಿಟ್ಟುಕೊಳ್ಳಿ. ಎಷ್ಟೇ ನೀರು ಬದಲಿಸಿದರೂ ತೊಟ್ಟಿಯ ನೈಟ್ರೇಟ್ 40ಕ್ಕಿಂತ ಕೆಳಗಿಳಿಯುವುದು ಸಾಧ್ಯವೇ ಇಲ್ಲ. ‘ವಾರಕ್ಕೆರಡು ಸಲ ನೀರು ಬದಲಿಸುತ್ತೇನೆ, ಆದರೂ ಪಾಚಿ ಹೋಗುತ್ತಿಲ್ಲ’ ಎನ್ನುವವರು ಮೊದಲು ಬಕೆಟ್ಟಿನ ನೀರನ್ನು ಪರೀಕ್ಷಿಸಬೇಕು, ಆಮೇಲೆ ತೊಟ್ಟಿಯದನ್ನು. ಹನಿ ಹಾಕಿ ಬಣ್ಣ ನೋಡುವ ನೈಟ್ರೇಟ್ ಕಿಟ್ ಬೇಕಾಗುತ್ತದೆ. ಎಲ್ಲರ ಕೈಯಲ್ಲೂ ಇರುವ ಟಿಡಿಎಸ್ ಮೀಟರ್ ಲವಣದ ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ, ಅದರಲ್ಲಿ ನೈಟ್ರೇಟ್ ಎಷ್ಟು ಎಂಬುದನ್ನು ಹೇಳುವುದಿಲ್ಲ. ಮದ್ದು ಸರಳ: ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತಂದು ಬೋರ್ ನೀರಿಗೆ ಸಮಪಾಲು ಬೆರೆಸುವುದು. ಬೋರ್ ನೀರಿನ ಟಿಡಿಎಸ್ 900, ಘಟಕದ ಆರ್‌ಓ (ಲವಣ ಸೋಸಿ ತೆಗೆದ) ನೀರಿನದು 50 ಇದ್ದರೆ ಬೆರೆತದ್ದು 475 ತೋರಿಸುತ್ತದೆ. ಮಾಲಿ, ಗಪ್ಪಿ, ಪ್ಲಾಟಿ ಮೀನುಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಬರೀ ಆರ್‌ಓ ನೀರು ತುಂಬಿಸಬೇಡಿ, ಅದರಲ್ಲಿ ಗಿಡಕ್ಕೂ ಮೀನಿಗೂ ಬೇಕಾದ ಸುಣ್ಣ, ಮೆಗ್ನೀಸಿಯಂ ಇರುವುದಿಲ್ಲ, ಪಿಎಚ್ ನಿಲ್ಲುವುದಿಲ್ಲ.

ಶಹಾಬಾದ್ ಕಲ್ಲಿನ ತುಂಡುಗಳನ್ನು ಅಲಂಕಾರಕ್ಕೆ ಒಳಗೆ ಜೋಡಿಸುವ ಆಸೆ ನಮ್ಮಲ್ಲಿ ಸಹಜ, ಮನೆಯ ಹಿತ್ತಲಲ್ಲಿ ಪರ್ಸಿಯ (ಶಹಾಬಾದ್ ಹಾಸುಗಲ್ಲಿನ) ಚೂರು ಯಾವಾಗಲೂ ಬಿದ್ದಿರುತ್ತವೆ. ಮೊದಲೇ ಗಡಸಾದ ಬೋರ್ ನೀರಿನಲ್ಲಿ ಅದು ಹೆಚ್ಚೇನೂ ಕರಗುವುದಿಲ್ಲ. ಆರ್‌ಓ ಬೆರೆಸಿದ ನೀರಿನಲ್ಲಿ ಮಾತ್ರ ನಿಧಾನಕ್ಕೆ ಕರಗಿ, ನೀವು ದುಡ್ಡು ಕೊಟ್ಟು ತಗ್ಗಿಸಿದ ಗಡಸುತನವನ್ನು ವಾಪಸ್ ತರುತ್ತದೆ. ಕಲ್ಲು ಯಾವುದೆಂದು ಗೊತ್ತಾಗದಿದ್ದರೆ ಮೊಳೆಯಿಂದ ಗೀರಿ ಪುಡಿ ಬರಿಸಿ, ಆ ಪುಡಿಯ ಮೇಲೆ ಲಿಂಬೆರಸ ಹಿಂಡಿ. ನೊರೆ ಎದ್ದರೆ ಸುಣ್ಣ. ತೊಟ್ಟಿಯ ಕೆಳಗೆ ಹಾಸಲು ಮಾತ್ರ ಪರ್ಸಿಯಂಥ ಸಮತಟ್ಟಾದ, ಭಾರ ತಾಳುವ ಕಲ್ಲು ಇನ್ನೊಂದಿಲ್ಲ.

ಬೇಸಿಗೆಯ ಮಾತಿಗೆ ಬರೋಣ. ಯುಗಾದಿ ಕಳೆದ ಮೇಲೆ ಹೊರಗೆ 40 ಡಿಗ್ರಿ ದಾಟುತ್ತದೆ, ಒಳಗಿನ ತೊಟ್ಟಿ 33–34 ಮುಟ್ಟುತ್ತದೆ. ಬೆಚ್ಚಗಿನ ನೀರಿನಲ್ಲಿ ಪಾಚಿಯ ಬೆಳವಣಿಗೆಗೆ ವೇಗ, ಆಮ್ಲಜನಕಕ್ಕೆ ಬಡತನ. 25 ಡಿಗ್ರಿಯಲ್ಲಿ ಲೀಟರ್ ನೀರು ಹಿಡಿದಿಡಬಲ್ಲ ಆಮ್ಲಜನಕ ಸುಮಾರು 8.3 ಮಿಲಿಗ್ರಾಂ, 35ರಲ್ಲಿ ಹೆಚ್ಚುಕಡಿಮೆ 7. ನಮ್ಮ ಭಾಗ್ಯವೆಂದರೆ ಈ ಬೇಸಿಗೆ ಒಣ ಬೇಸಿಗೆ. ಕೂಲರ್ ಕೆಲಸ ಮಾಡುವ ತತ್ವವೇ ತೊಟ್ಟಿಗೂ ಸಲ್ಲುತ್ತದೆ. ಮುಚ್ಚಳ ತೆಗೆದು, ಕಂಪ್ಯೂಟರಿನಲ್ಲಿರುವಂಥ 12 ವೋಲ್ಟಿನ ಸಣ್ಣ ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಕಟ್ಟಿದರೆ 2–3 ಡಿಗ್ರಿ ಇಳಿಯುತ್ತದೆ. ಮೀನು ಹಾರದಂತೆ ಮೇಲೆ ಸೊಳ್ಳೆ ಜಾಳಿಗೆ ಹಾಸಿ. ಮಳೆಗಾಲದ ತೇವದಲ್ಲಿ ಇಷ್ಟು ಫಲ ಸಿಗದು, ಆಗ ಅಗತ್ಯವೂ ಕಡಿಮೆ.

ಫ್ಯಾನ್ ಹಾಕಿದರೆ ದಿನಕ್ಕೆ ಒಂದು ಲೀಟರಿನಷ್ಟು ನೀರು ಆರಿಹೋಗುತ್ತದೆ. ಆರುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. 900 ಟಿಡಿಎಸ್ ಬೋರ್ ನೀರನ್ನೇ ದಿನಕ್ಕೆ ಒಂದು ಲೀಟರ್ ಸುರಿಯುತ್ತ ಹೋದರೆ ತಿಂಗಳಿಗೆ 27 ಗ್ರಾಂ ಲವಣ ಸೇರುತ್ತದೆ, 45 ಲೀಟರಿಗೆ ಅದು ಹೆಚ್ಚುಕಡಿಮೆ 600 ಟಿಡಿಎಸ್ ಏರಿಕೆ. ಆರಿದ್ದಕ್ಕೆ ಆರ್‌ಓ ನೀರು, ಬದಲಿಸುವುದಕ್ಕೆ ಬೆರೆಸಿದ ನೀರು: ಈ ಭೇದ ಮರೆಯಬೇಡಿ.

ಪಾಚಿಯ ಜಾತಿಗಳಲ್ಲಿ ನಮ್ಮ ಊರಿನಲ್ಲಿ ಹೆಚ್ಚು ಕಾಡುವುದು ಹಸಿರು ನೀರು. ತೊಟ್ಟಿ ಹೆಸರುಕಾಳಿನ ಕಟ್ಟಿನಂತೆ ಆಗಿ ಮೀನೇ ಕಾಣಿಸುವುದಿಲ್ಲ. ಇದು ನೀರಿನಲ್ಲಿ ತೇಲಾಡುವ ಒಂಟಿ ಕೋಶದ ಪಾಚಿ, ಅಮೋನಿಯಾ ಮತ್ತು ಬಿಸಿಲು ಎರಡೂ ಕೂಡಿದಾಗ ಏಳುತ್ತದೆ. ಮೀನಿಗೆ ಇದರಿಂದ ನೇರ ಕೇಡಿಲ್ಲ, ಮರಿ ಸಾಕುವವರು ಬೇಕೆಂದೇ ಬೆಳೆಸುತ್ತಾರೆ. ಅರ್ಧ ನೀರು ಬದಲಿಸಿದರೆ ಅರ್ಧ ಪಾಚಿ ಹೋಗುತ್ತದೆ, ಉಳಿದರ್ಧ ಒಂದೆರಡು ದಿನದಲ್ಲಿ ಇಮ್ಮಡಿಯಾಗಿ ಲೆಕ್ಕ ಸರಿಮಾಡುತ್ತದೆ. ಹಾಗಾಗಿ ಬರೀ ನೀರು ಬದಲಿಸುವುದರಿಂದ ಇದು ಹೋಗದು. ಕತ್ತಲೆ ಮಾಡಬೇಕು. ಅರ್ಧ ನೀರು ಬದಲಿಸಿ, ಗಾಳಿಕಲ್ಲು ಜೋರಾಗಿ ಓಡಿಸಿ, ದೀಪ ಆರಿಸಿ, ಇಡೀ ತೊಟ್ಟಿಗೆ ದಪ್ಪ ಕಪ್ಪು ಬಟ್ಟೆ ಹೊದಿಸಿ ನಾಲ್ಕು ದಿನ ಬಿಡಿ. ಆಹಾರ ಬೇಡ, ದೊಡ್ಡ ಮೀನು ನಾಲ್ಕು ದಿನ ಹಸಿದಿರಬಲ್ಲವು. ಮಧ್ಯೆ ಎತ್ತಿ ನೋಡುವುದೂ ಬೇಡ. ಐದನೆಯ ದಿನ ತೆರೆದು ಮತ್ತೆ ಅರ್ಧ ನೀರು ಬದಲಿಸಿ. ಈ ಎರಡನೆಯ ಬದಲಾವಣೆಯನ್ನು ಬಿಡುವವರೇ ಹೆಚ್ಚು. ಸತ್ತ ಪಾಚಿ ಕೊಳೆತು ಅಮೋನಿಯಾ ಆಗುತ್ತದೆ, ಅದು ಅಲ್ಲೇ ಉಳಿದರೆ ಹತ್ತು ದಿನದಲ್ಲಿ ನೀರು ಪುನಃ ಹಸಿರು. ದೀಪವನ್ನು 4 ಗಂಟೆಯಿಂದ ಮತ್ತೆ ಆರಂಭಿಸಿ. ಏಪ್ರಿಲ್, ಮೇನಲ್ಲಿ ಕಂಬಳಿ ಹೊದಿಸಬೇಡಿ, ಒಳಗೆ ಕಾವು ಕಟ್ಟುತ್ತದೆ. ತೆಳು ಬಟ್ಟೆಯನ್ನೇ ಎರಡು ಮಡಿಕೆ ಮಾಡಿ, ಮೇಲೆ ಗಾಳಿಯಾಡಲು ಒಂದು ಸಂದು ಬಿಡಿ. ಕರೆಂಟು ತಾಸುಗಟ್ಟಲೆ ಹೋಗುವ ಓಣಿಯಾದರೆ ಬ್ಯಾಟರಿಯ ಏರ್ ಪಂಪ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬೇಡಿ.

ಎಳೆಎಳೆಯಾಗಿ ಬೆಳೆಯುವ ಹಸಿರು ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಶ್ಯಾವಿಗೆಯಂತೆ ಸುತ್ತಿ ಎಳೆದರೆ ಬರುತ್ತದೆ. ಗಾಜಿನ ಮೇಲಿನ ಗಟ್ಟಿ ಹಸಿರು ಚುಕ್ಕಿಗೆ ಬ್ಲೇಡೇ ಬೇಕು. ಅಕ್ರಿಲಿಕ್ ತೊಟ್ಟಿಗೆ ಮಾತ್ರ ಬ್ಲೇಡ್ ತಾಗಿಸಬಾರದು, ಗೀರು ಬಿದ್ದರೆ ಹೋಗದು. ನೀಲಿಹಸಿರು ಲೋಳೆ ಹಾಳೆಯಂತೆ ಮರಳನ್ನು ಮುಚ್ಚಿ ಕೆಟ್ಟ ವಾಸನೆ ಬರುತ್ತಿದ್ದರೆ ಅದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ನೀರು ಓಡಾಡದ ಮೂಲೆಗಳಲ್ಲಿ, ಕೊಳೆ ಕೂತಲ್ಲಿ ಬರುತ್ತದೆ. ಹಾಳೆಯನ್ನು ಪೈಪಿನಿಂದ ಎಳೆದು ಹಾಕಿ, ಫಿಲ್ಟರಿನ ಬಾಯಿಯನ್ನು ಆ ಮೂಲೆಗೆ ತಿರುಗಿಸಿ, ಮೂರು ದಿನ ಕತ್ತಲೆ ಮಾಡಿ. ಇದಕ್ಕೆ ಮನುಷ್ಯರ ಆಂಟಿಬಯೋಟಿಕ್ ಮಾತ್ರೆ ಪುಡಿಮಾಡಿ ಹಾಕುವವರಿದ್ದಾರೆ. ಹಾಗೆ ಮಾಡಬಾರದು. ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಅಪಾಯ, ಚರಂಡಿಗೆ ಹೋದ ಔಷಧಿ ಊರಿಗೂ ಅಪಾಯ.

ಕಪ್ಪು ಗಡ್ಡದಂಥ ಪಾಚಿ ಹೊಸ ತೊಟ್ಟಿಯಲ್ಲಿ ಅಪರೂಪ, ಅಂಗಡಿಯ ಗಿಡದ ಜೊತೆ ಬರುವುದುಂಟು. ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಕೆಲಸ ಮಾಡುತ್ತದೆ, ಆದರೆ ಲೆಕ್ಕ ತಪ್ಪಬಾರದು. ನಮ್ಮ ಮೆಡಿಕಲ್ ಅಂಗಡಿಯಲ್ಲಿ ಸಿಗುವುದು ‘20 ವಾಲ್ಯೂಮ್’ ಎಂದು ಬರೆದ ಸುಮಾರು 6 ಶೇಕಡಾ ದ್ರಾವಣ. ಹೊರದೇಶದ ಸಲಹೆಗಳೆಲ್ಲ 3 ಶೇಕಡಾದ ಲೆಕ್ಕದಲ್ಲಿರುತ್ತವೆ. ಸಮಪಾಲು ಆರ್‌ಓ ನೀರು ಬೆರೆಸಿ 3 ಶೇಕಡಾ ಮಾಡಿಕೊಳ್ಳಿ. ಕಲ್ಲನ್ನೋ ಅನುಬಿಯಾಸ್ ಗಿಡವನ್ನೋ ಹೊರತೆಗೆದು ಪಾಚಿಯ ಮೇಲೆ ಬ್ರಶ್ಶಿನಿಂದ ಹಚ್ಚಿ, ಮೂರು ನಿಮಿಷ ಬಿಟ್ಟು ತೊಳೆದು ಒಳಗಿಡುವುದು ಎಲ್ಲಕ್ಕಿಂತ ಸುರಕ್ಷಿತ. ನೀರೊಳಗೇ ಹಾಕಬೇಕಾದರೆ 4 ಲೀಟರಿಗೆ 1 ಮಿಲಿಲೀಟರ್ ದಾಟಬೇಡಿ, ಅಂದರೆ 45 ಲೀಟರಿಗೆ 10–11 ಮಿಲಿ. ಫಿಲ್ಟರ್ ನಿಲ್ಲಿಸಿ, ಸಿರಿಂಜಿನಿಂದ ಪಾಚಿಯ ಬುಡಕ್ಕೆ ಮೆಲ್ಲಗೆ ಬಿಟ್ಟು, ಐದು ನಿಮಿಷದ ನಂತರ ಫಿಲ್ಟರ್ ಚಾಲೂ ಮಾಡಿ. ಮೂರ್ನಾಲ್ಕು ದಿನದಲ್ಲಿ ಪಾಚಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಸತ್ತಿತೆಂದು ಅರ್ಥ. ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಮಾಸ್ ಗಿಡಗಳಿಗೆ ಇದು ತಾಗದಿರಲಿ.

ತಾಮ್ರ ಬೆರೆತ ಪಾಚಿನಾಶಕಗಳನ್ನು ನಾನು ಒಪ್ಪುವುದಿಲ್ಲ. ಬಸವನಹುಳು, ಸೀಗಡಿ ಉಳಿಯುವುದಿಲ್ಲ, ಒಮ್ಮೆಲೇ ಸತ್ತ ಪಾಚಿ ಕೊಳೆಯುತ್ತ ಬಿಸಿನೀರಿನ ಅಲ್ಪ ಆಮ್ಲಜನಕವನ್ನೂ ತಿಂದುಹಾಕುತ್ತದೆ.

ಪಾಚಿಗೆ ನಿಜವಾದ ಎದುರಾಳಿ ಗಿಡ. ಗಡಸು ನೀರು ಎಂದು ಗಿಡದ ಆಸೆ ಬಿಡಬೇಕಿಲ್ಲ. ವ್ಯಾಲಿಸ್ನೇರಿಯಾ, ಹೈಡ್ರಿಲಾ, ಹಾರ್ನ್‌ವರ್ಟ್ ಈ ಮೂರೂ ಕಾರ್ಬನ್ ಡೈಆಕ್ಸೈಡ್ ಸಾಲದಾದಾಗ ನೀರಿನ ಬೈಕಾರ್ಬೊನೇಟಿನಿಂದಲೇ ಇಂಗಾಲ ಪಡೆಯಬಲ್ಲವು. ನಮ್ಮ ಗಡಸು ನೀರಿನಲ್ಲಿ ಅದು ಧಾರಾಳವಾಗಿದೆ. ಮೊದಲ ದಿನವೇ ಮರಳಿನ ಮುಕ್ಕಾಲು ಭಾಗ ಮುಚ್ಚುವಷ್ಟು ನೆಡಿ, ನಾಲ್ಕು ಕಡ್ಡಿ ಚುಚ್ಚಿ ಹಬ್ಬಲಿ ಎಂದು ಕಾದರೆ ಆ ಜಾಗವನ್ನು ಪಾಚಿ ಹಿಡಿಯುತ್ತದೆ. ಮೇಲೆ ಒಂದಿಷ್ಟು ಅಂತರಗಂಗೆ ತೇಲಿಬಿಟ್ಟರೆ ನೆರಳೂ ಆಯಿತು, ಅಮೋನಿಯಾ ಹೀರಿದಂತೆಯೂ ಆಯಿತು. ಮೇಲ್ಮೈಯ ಮೂರರಲ್ಲೊಂದು ಪಾಲು ಮೀರದಂತೆ ಪ್ರತಿ ವಾರ ತೆಗೆಯಿರಿ. ತೆಗೆದದ್ದು ಕುಂಡದ ಗೊಬ್ಬರಕ್ಕೆ ಹೋಗಲಿ, ಕೆರೆಗೂ ಕಾಲುವೆಗೂ ಹೋಗದಿರಲಿ. ಕೆರೆಯಿಂದ ಗಿಡ ತಂದರೆ ತಿಳಿ ನೇರಳೆ ಬಣ್ಣ ಬರುವಷ್ಟು ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ತೊಳೆಯಿರಿ. ಜಿಗಣೆ, ಹುಳು ಅಲ್ಲೇ ಉಳಿಯುತ್ತವೆ.

ಸಕ್ಕರ್ ಮೀನಿನ ಮಾತು ಬಾಕಿ ಇದೆ. ಅಂಗಡಿಯಲ್ಲಿ ಎರಡಿಂಚು, ಬೆಳೆದರೆ ಒಂದು ಅಡಿ ದಾಟುತ್ತದೆ. ಅದು ತಿನ್ನುವ ಪಾಚಿಗಿಂತ ಹಾಕುವ ಹೇಸಿಗೆ ಹೆಚ್ಚು, ಆ ಹೇಸಿಗೆಯೇ ಪಾಚಿಗೆ ಗೊಬ್ಬರ. ದೊಡ್ಡದಾದ ಮೇಲೆ ಜನ ಕೆರೆಗೆ ಬಿಡುತ್ತಾರೆ, ಹಾಗೆ ಬಿಟ್ಟದ್ದು ದೇಶದ ಎಷ್ಟೋ ಕೆರೆ ನದಿಗಳಲ್ಲಿ ಈಗ ಸ್ಥಳೀಯ ಮೀನುಗಳ ಅನ್ನಕ್ಕೆ ಕುತ್ತಾಗಿದೆ. ದಯವಿಟ್ಟು ಭೀಮೆಗೆ ಅದನ್ನು ಬಿಡಬೇಡಿ. ನಮ್ಮ ಗಡಸು, ಬೆಚ್ಚನೆಯ ನೀರಿಗೆ ಹೊಂದುವ ಪಾಚಿ ತಿನ್ನುವ ಜೀವಿಗಳು ಎರಡು: ಮಾಲಿ ಮೀನು ಮತ್ತು ನೆರೈಟ್ ಬಸವನಹುಳು. ನೆರೈಟ್ ಸಿಹಿನೀರಿನಲ್ಲಿ ಸಂತಾನ ಬೆಳೆಸುವುದಿಲ್ಲ, ಕಲ್ಲಿನ ಮೇಲೆ ಎಳ್ಳಿನಂಥ ಬಿಳಿ ಮೊಟ್ಟೆ ಇಡುತ್ತದೆ ಅಷ್ಟೆ. ಇವನ್ನು ತರುವುದು ಆರನೆಯ ವಾರದ ನಂತರ. ಓಟೊಸಿಂಕ್ಲಸ್ ಎಂಬ ಪುಟ್ಟ ಮೀನನ್ನು ಹೊಸ ತೊಟ್ಟಿಗೆ ತಂದರೆ ಹಸಿವಿಗೂ ಅಮೋನಿಯಾಕ್ಕೂ ಬಲಿಯಾಗುತ್ತದೆ.

ಆಹಾರ ದಿನಕ್ಕೊಂದು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಮನೆಯ ಮಕ್ಕಳು, ಅಜ್ಜ ಅಜ್ಜಿ, ಪ್ರತಿಯೊಬ್ಬರೂ ಪ್ರೀತಿಯಿಂದ ಒಂದೊಂದು ಚಿಟಿಕೆ ಹಾಕಿದರೆ ದಿನಕ್ಕೆ ನಾಲ್ಕು ಪಟ್ಟು ಆಗುತ್ತದೆ. ಒಂದು ದಿನದ ಪಾಲನ್ನು ಸಣ್ಣ ಡಬ್ಬಿಯಲ್ಲಿ ಹಾಕಿಟ್ಟು, ಅದು ಖಾಲಿಯಾದರೆ ಮುಗಿಯಿತು ಎಂದು ಮಾಡಿಕೊಳ್ಳಿ. ಫಿಲ್ಟರಿನ ಸ್ಪಂಜನ್ನು ಮೊದಲ ತಿಂಗಳು ಮುಟ್ಟಬೇಡಿ. ನೀರಿನ ಧಾರೆ ಕುಂದಿದರೆ ಮಾತ್ರ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಎರಡು ಸಲ ಹಿಂಡಿ. ನಳದ ಕೆಳಗೆ ಹಿಡಿದರೆ ಒಂದು ತಿಂಗಳಿಂದ ಬೆಳೆದ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ಪೆಟ್ಟು ಕೊಡುತ್ತದೆ.

ಬೆಳಕು ಹೆಚ್ಚಿಸುವ ಹೊತ್ತು ಯಾವಾಗ ಬಂತೆಂದು ತೊಟ್ಟಿಯೇ ಹೇಳುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸತತ ಎರಡು ವಾರ ಸೊನ್ನೆ ತೋರಿಸಬೇಕು. ಗಿಡದ ಹಳೆಯ ಎಲೆ ಹೇಗಾದರೂ ಇರಲಿ, ಹೊಸ ಎಲೆಗಳು ಚೊಕ್ಕಟವಾಗಿರಬೇಕು. ಆಮೇಲೆ ವಾರಕ್ಕೆ ಅರ್ಧ ಗಂಟೆಯಂತೆ ಏರಿಸುತ್ತ 8 ಗಂಟೆಗೆ ನಿಲ್ಲಿಸಿ. ಮುಂಭಾಗದ ಗಾಜನ್ನು ಪ್ರತಿ ಭಾನುವಾರ ಒರೆಸಿ, ಮತ್ತೆ ಹಸಿರು ಪೊರೆ ಕಾಣಲು ಎಷ್ಟು ದಿನ ಬೇಕಾಯಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಐದಾರು ದಿನವಾದರೆ ಸರಿ. ಮೂರನೆಯ ದಿನಕ್ಕೇ ಕಂಡರೆ ಟೈಮರಿನಲ್ಲಿ ಬೆಳಕಿನ ಅವಧಿಯನ್ನು ಅರ್ಧ ಗಂಟೆ ತಗ್ಗಿಸಿ. ಹಿಂಬದಿಯ ಗಾಜನ್ನು ಒರೆಸುವ ಗೋಜಿಗೆ ಹೋಗಬೇಡಿ, ಅದು ಮಾಲಿಗಳು ಮೇಯುವ ಜಾಗ.